ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ವಿಟಮಿನ್ ಹನಿ: ಎಷ್ಟು, ಹೇಗೆ?

ತಂಗಿಯ ಮಗಳು 31ನೇ ವಾರಕ್ಕೇ ಹುಟ್ಟಿದಳು. ಐದು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದು ಮನೆಗೆ ಬಂದಾಗ ಜೊತೆಗೆ ಒಂದು ಚೀಲ ಔಷಧವೂ ಬಂತು. ಡಿಸ್ಚಾರ್ಜ್ ಚೀಟಿಯಲ್ಲಿ ‘ವಿಟಮಿನ್ ಡಿ, 1 ಎಂ.ಎಲ್., ದಿನಕ್ಕೊಮ್ಮೆ’ ಎಂದಿತ್ತು. ಮೊದಲ ಸೀಸೆ ಮುಗಿದಾಗ ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟರು. ಮೊದಲಿನದರಲ್ಲಿ ಒಂದು ಎಂ.ಎಲ್.ಗೆ 400 ಯೂನಿಟ್ (ಸೀಸೆಯ ಮೇಲೆ ‘IU’), ಇದರಲ್ಲಿ 800. ನಾವು ಓದಲೇ ಇಲ್ಲ. ಹನ್ನೊಂದು ದಿನ ಎರಡರಷ್ಟು ಹೋಯಿತು. ತಪಾಸಣೆಗೆ ಹೋದಾಗ ಡಾಕ್ಟರು ಸೀಸೆ ತಿರುಗಿಸಿ ನೋಡಿ, ಗಾಬರಿ ಬೇಡ, ಇವತ್ತಿನಿಂದ ಅರ್ಧ ಎಂ.ಎಲ್. ಹಾಕಿ ಎಂದರು. ಕೂಸಿಗೆ ಏನೂ ಆಗಲಿಲ್ಲ. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಕೂಸು ಮನೆಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಹನಿ ಏಕೆ ಬೇಕು ಎಂದು ತಿಳಿಯಿರಿ

37 ವಾರ ತುಂಬುವ ಮೊದಲೇ ಹುಟ್ಟಿದರೆ ಅವಧಿಪೂರ್ವ ಶಿಶು. ತಾಯಿಯ ಮೈಯಿಂದ ಮಗುವಿಗೆ ಕಬ್ಬಿಣಾಂಶ, ವಿಟಮಿನ್ ಎ, ವಿಟಮಿನ್ ಡಿ ಹೆಚ್ಚಾಗಿ ಹರಿದುಬರುವುದು ಕೊನೆಯ ಮೂರು ತಿಂಗಳಲ್ಲಿ. ಸೋಂಕನ್ನು ತಡೆಯುವ ತಾಯಿಯ ಪ್ರತಿಕಾಯಗಳೂ ಆಗಲೇ ದಾಟಿ ಬರುವುದು. ಬೇಗ ಹುಟ್ಟಿದ ಕೂಸಿಗೆ ಎರಡೂ ಕೊರತೆ ಒಟ್ಟಿಗೇ ಬರುತ್ತವೆ. ತಾಯಿಯಲ್ಲೇ ವಿಟಮಿನ್ ಡಿ ಕಡಿಮೆಯಿದ್ದರೆ ಮಗುವಿನಲ್ಲಿ ಇನ್ನೂ ಕಡಿಮೆ.

ವಿಟಮಿನ್ ಡಿ ಮೂಳೆಗೆ ಮಾತ್ರವಲ್ಲ. ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು ಕ್ಯಾಥೆಲಿಸಿಡಿನ್ ಎಂಬ ರೋಗಾಣುನಾಶಕವನ್ನು ತಯಾರಿಸಲು ಅದು ಬೇಕು. ವಿಟಮಿನ್ ಎ ಶ್ವಾಸನಾಳ ಮತ್ತು ಕರುಳಿನ ಒಳಪದರವನ್ನು ಗಟ್ಟಿಯಾಗಿಡುತ್ತದೆ. ವಿಟಮಿನ್ ಡಿ ಕಡಿಮೆಯಿದ್ದ ಶಿಶುಗಳಲ್ಲಿ ರಕ್ತದ ಸೋಂಕು ಹೆಚ್ಚು ಕಂಡಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಹಾಗೆಂದು ಹೆಚ್ಚು ಕೊಟ್ಟರೆ ಹೆಚ್ಚು ರಕ್ಷಣೆ ಎಂದಲ್ಲ. ವಿಟಮಿನ್ ಇ ಇದನ್ನು ಚೆನ್ನಾಗಿ ಕಲಿಸಿದೆ. ಅವಧಿಪೂರ್ವ ಶಿಶುಗಳಿಗೆ ಅದನ್ನು ಹೆಚ್ಚುವರಿಯಾಗಿ ಕೊಟ್ಟ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೆದುಳಿನ ರಕ್ತಸ್ರಾವ ಕಡಿಮೆಯಾಗಿತ್ತು, ರಕ್ತದ ಸೋಂಕು ಮಾತ್ರ ಹೆಚ್ಚಾಗಿತ್ತು. ಒಳ್ಳೆಯದೆಂದು ಕೊಟ್ಟದ್ದೇ ಇಷ್ಟು ಪುಟ್ಟ ಮೈಯಲ್ಲಿ ತಿರುಗಿಬೀಳಬಹುದು. ಅದಕ್ಕೇ ಅಳತೆಯ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಸ್ಪತ್ರೆ ಬಿಡುವ ಮುನ್ನ ಕೇಳಿ, ಬರೆಸಿಕೊಳ್ಳಿ

ದಿನಕ್ಕೆ ಎಷ್ಟು ‘ಯೂನಿಟ್’ ಎಂದು ಬರೆಸಿಕೊಳ್ಳಿ. ‘ಎಂ.ಎಲ್.’ ಒಂದೇ ಸಾಲದು, ‘ಹನಿ’ ಎಂದರಂತೂ ಸಾಲದೇ ಸಾಲದು. ತಾಯಿಹಾಲು ಕುಡಿಯುವ ಅವಧಿಪೂರ್ವ ಶಿಶುಗಳಿಗೆ ವಿಟಮಿನ್ ಡಿ ದಿನಕ್ಕೆ 400ರಿಂದ 800 ಯೂನಿಟ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಿಮ್ಮ ಕೂಸಿಗೆ ಈ ಅಂತರದಲ್ಲಿ ಎಷ್ಟು ಎಂಬುದನ್ನು ತೂಕ, ವಾರ, ರಕ್ತಪರೀಕ್ಷೆ ನೋಡಿದ ಡಾಕ್ಟರೇ ಹೇಳಬೇಕು. ಕಬ್ಬಿಣಾಂಶ ಎರಡು ವಾರದಿಂದ ಆರು ತಿಂಗಳವರೆಗೆ, ತೂಕದ ಪ್ರತಿ ಕಿಲೋಗೆ ದಿನಕ್ಕೆ 2ರಿಂದ 4 ಮಿಲಿಗ್ರಾಂ. ತೂಕ ಏರಿದಂತೆ ಈ ಅಳತೆಯೂ ಬದಲಾಗುತ್ತದೆ, ಪ್ರತಿ ತಪಾಸಣೆಯಲ್ಲೂ ಕೇಳಿ. 32 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಅಥವಾ ಒಂದೂವರೆ ಕಿಲೋಗಿಂತ ಕಡಿಮೆಯಿದ್ದರೆ ವಿಟಮಿನ್ ಎ ಬೇಕೇ ಎಂದೂ ಕೇಳಿ.

ಇನ್ನೊಂದು ಮುಖ್ಯ ಮಾತು. ಚೀಲದಲ್ಲಿರುವ ಎಲ್ಲ ಸೀಸೆಗಳನ್ನೂ ಮೇಜಿನ ಮೇಲಿಟ್ಟು ಪಟ್ಟಿ ಓದಿಸಿ. ಮಲ್ಟಿವಿಟಮಿನ್ ಹನಿಯಲ್ಲಿ ಡಿ ಇರುತ್ತದೆ, ಎಷ್ಟೋ ಕ್ಯಾಲ್ಸಿಯಂ ಸಿರಪ್‌ಗಳಲ್ಲಿ ಇರುತ್ತದೆ, ಹಾಲಿಗೆ ಬೆರೆಸುವ ಫೋರ್ಟಿಫೈಯರ್ ಪುಡಿಯಲ್ಲೂ ಇರುತ್ತದೆ. ನಾಲ್ಕೂ ಕಡೆಯಿಂದ ಬಂದದ್ದನ್ನು ಕೂಡಿಸಿ ನೋಡುವವರು ಯಾರಾದರೂ ಒಬ್ಬರಿರಬೇಕು.

ಮನೆಯಲ್ಲಿ ಅಳತೆ

ಹೊಸ ಸೀಸೆ ಬಂದಾಗಲೆಲ್ಲ ‘ಒಂದು ಎಂ.ಎಲ್.ಗೆ ಎಷ್ಟು ಯೂನಿಟ್’ ಎಂಬ ಸಾಲನ್ನು ಹುಡುಕಿ, ಬೆರಳಿಟ್ಟು ಓದಿ. ಬೇಕಾದದ್ದು 400 ಆಗಿದ್ದರೆ, 400ರ ಸೀಸೆಯಿಂದ ಒಂದು ಎಂ.ಎಲ್., 800ರ ಸೀಸೆಯಿಂದ ಅರ್ಧ ಎಂ.ಎಲ್. ಒಂದು ಸೀಸೆಯ ಡ್ರಾಪರ್ ಇನ್ನೊಂದಕ್ಕೆ ಬಳಸಬೇಡಿ. ಸೂಜಿಯಿಲ್ಲದ ಒಂದು ಎಂ.ಎಲ್. ಸಿರಿಂಜ್ ಇದ್ದರೆ ಇನ್ನೂ ನಿಖರ. ದೊಡ್ಡವರಿಗೆಂದು ತಂದ 60,000 ಯೂನಿಟ್‌ನ ಪುಡಿ ಪೊಟ್ಟಣವನ್ನು ಕೂಸಿನ ಔಷಧದ ಹತ್ತಿರವೂ ಇಡಬೇಡಿ. ಅದರಲ್ಲಿರುವುದು ಕೂಸಿನ 150 ದಿನದ ಪಾಲು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ತೊಂದರೆ ಬರುತ್ತವೆ.

ಕೊಡುವಾಗ ಸೋಪು ಹಚ್ಚಿ ಕೈ ತೊಳೆಯಿರಿ. ಕೂಸು ಎಚ್ಚರವಾಗಿರಲಿ, ತಲೆ ತುಸು ಮೇಲಿರಲಿ. ಗಂಟಲಿಗೆ ನೇರವಾಗಿ ಅಲ್ಲ, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದರೆ ಮೊದಲ ಒಂದೆರಡು ಗುಟುಕಿನಲ್ಲೇ ಬೆರೆಸಿ, ಪೂರ್ತಿ ಹಾಲಿಗೆ ಬೆರೆಸಿದರೆ ಉಳಿದ ಹಾಲಿನೊಂದಿಗೆ ಔಷಧವೂ ಉಳಿಯುತ್ತದೆ. ಡ್ರಾಪರ್ ತುದಿ ಬಾಯಿಗೆ ತಾಗಿದರೆ ಹಾಗೆಯೇ ಸೀಸೆಗೆ ಇಳಿಸಬೇಡಿ. ಒಂದು ದಿನ ಮರೆತರೆ ಮರುದಿನ ಎರಡು ಪಟ್ಟು ಬೇಡ. ನಾವು ಕ್ಯಾಲೆಂಡರ್‌ನಲ್ಲಿ ದಿನಾ ಟಿಕ್ ಹಾಕಲು ಶುರುಮಾಡಿದೆವು. ಅಜ್ಜಿ ಒಮ್ಮೆ, ಅಮ್ಮ ಒಮ್ಮೆ ಹಾಕುವುದು ಅಲ್ಲಿಗೆ ನಿಂತಿತು.

ಎಳೆಬಿಸಿಲು ಸಾಕು ಎಂದು ಹನಿ ಬಿಡಬೇಡಿ. ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣ ಮುಂಜಾನೆಯ ಬಿಸಿಲಿನಲ್ಲಿ ತೀರಾ ಕಡಿಮೆ, ಕಿಟಕಿಯ ಗಾಜಿನೊಳಗೆ ಬರುವುದೇ ಇಲ್ಲ. ಬಟ್ಟೆ ಬಿಚ್ಚಿ ಅಂಗಳದಲ್ಲಿ ಹಿಡಿದರೆ ಇಷ್ಟು ಚಿಕ್ಕ ಕೂಸಿಗೆ ಥಂಡಿಯಾಗುತ್ತದೆ.

ಸೋಂಕು ತಡೆಯುವ ದೊಡ್ಡ ಕೆಲಸ

ಹನಿ ಒಂದು ಎಳೆ ಮಾತ್ರ. ತಾಯಿಯ ಹಾಲು ಮತ್ತು ತಾಯಿಯ ಎದೆ ಅದಕ್ಕಿಂತ ದೊಡ್ಡವು. ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ (ಕೂಸಿನ ಬರಿಮೈಯನ್ನು ತಾಯಿಯ ಬರಿ ಎದೆಗೆ ಒರಗಿಸಿಡುವುದು) ಆರಂಭಿಸಿದ ಕಡಿಮೆ ತೂಕದ ಶಿಶುಗಳಲ್ಲಿ ಸಾವು ಕಾಲುಭಾಗದಷ್ಟು ಇಳಿಯಿತು, ಸೋಂಕಿನ ಶಂಕೆಯೂ ಕಡಿಮೆಯಾಯಿತು. ಭಾರತದ ಆಸ್ಪತ್ರೆ ದೆಹಲಿಯ ಸಫ್ದರ್‌ಜಂಗ್. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ವ್ಯಾಪಕವಾಗಿ ಜಾರಿಗೆ ತಂದು, ಮನೆಗೆ ಹೋದ ಮೇಲೂ ಮುಂದುವರಿಯುವಂತೆ ನೋಡಿಕೊಂಡರು.

ಕೂಸಿಗೆ ಡೈಪರ್, ಟೋಪಿ, ಕಾಲುಚೀಲ ಅಷ್ಟೇ ಇರಲಿ. ಬರಿಮೈಯನ್ನು ತಾಯಿಯ ಬರಿ ಎದೆಗೆ ನೆಟ್ಟಗೆ ಒರಗಿಸಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಮೇಲೆ ಸೀರೆ ಅಥವಾ ಪಂಚೆ ಸುತ್ತಿ. ದಿನಕ್ಕೆ ಕನಿಷ್ಠ ಎಂಟು ಗಂಟೆ, ಆದಷ್ಟೂ ಹೆಚ್ಚು. ತಾಯಿ ದಣಿದರೆ ಅಪ್ಪ, ಅಜ್ಜಿ ಹಿಡಿಯಲಿ. ನಮ್ಮ ಭಾವ ಅಂಗಿ ಬಿಚ್ಚಿ ಮಗಳನ್ನು ಎದೆಗವಚಿಕೊಂಡು ಕೂತದ್ದನ್ನು ನೋಡಿ ಮೊದಲು ನಾಚಿದ ಮನೆಮಂದಿಯೇ ಆಮೇಲೆ ಸರದಿಗೆ ನಿಂತರು.

ಬಾಣಂತಿ ಕೋಣೆಯ ಪದ್ಧತಿಗಳ ಬಗ್ಗೆ ಹೇಳುವುದು ಕಷ್ಟ, ಪ್ರೀತಿಯಿಂದಲೇ ಮಾಡುವ ಕೆಲಸಗಳವು. ಆದರೂ ಹೇಳಲೇಬೇಕು. ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ, ಬಾಯಿಗೆ ಹರಳೆಣ್ಣೆ, ಮೂಗು ಕಿವಿಗೆ ಎಣ್ಣೆ ಬಿಡುವುದು ಬೇಡ. ತೇಯುವ ಕಲ್ಲಿನಿಂದ ರೋಗಾಣು ಕರುಳು ಸೇರುತ್ತದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಸಾಂಬ್ರಾಣಿ ಹೊಗೆ ಆ ಪುಟ್ಟ ಶ್ವಾಸಕೋಶಕ್ಕೆ ಆಗದು. ಮೈಗೆ ಕೊಬ್ಬರಿ ಎಣ್ಣೆ ಹಚ್ಚುವ ಆಸೆಯಿದ್ದರೆ ಡಾಕ್ಟರನ್ನು ಕೇಳಿ, ಮೃದುವಾಗಿ ಸವರಿ, ತಿಕ್ಕಬೇಡಿ. ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ಲೆಕ್ಕಹಾಕಿ ಹಾಕಿಸಿ, ಬೇಗ ಹುಟ್ಟಿತೆಂದು ಮುಂದೂಡಬೇಡಿ.

ಯಾವಾಗ ಓಡಬೇಕು

ಇಂಥ ಕೂಸಿಗೆ ಸೋಂಕಾದರೆ ಜ್ವರವೇ ಬರಬೇಕೆಂದಿಲ್ಲ, ಮೈ ತಣ್ಣಗಾಗುವುದೂ ಲಕ್ಷಣ. ಕಂಕುಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಥವಾ ಎದೆಗವಚಿ ಬೆಚ್ಚಗಿಟ್ಟರೂ 36.5 ದಾಟದಿದ್ದರೆ, ಹಾಲು ಕುಡಿಯುವುದು ತಟ್ಟನೆ ಕಡಿಮೆಯಾದರೆ, ತಟ್ಟಿದರಷ್ಟೇ ಮಿಸುಕಿದರೆ, ಎದೆಗೂಡು ಒಳಗೆಳೆದರೆ, ಸೆಳವು ಬಂದರೆ ಬೆಳಗಾಗಲಿ ಎನ್ನಬೇಡಿ. ಉಸಿರನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ, 60 ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಿ, ಆಗಲೂ ಹಾಗೇ ಇದ್ದರೆ ಹೊರಡಿ. 108ಕ್ಕೆ ಕರೆಮಾಡಿ. ದಾರಿಯುದ್ದಕ್ಕೂ ಕೂಸು ಎದೆಗೇ ಅಂಟಿರಲಿ. ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್, ಕೊಡುತ್ತಿರುವ ಎಲ್ಲ ಸೀಸೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.