ಅಗೆದದ್ದನ್ನು ಮತ್ತೆ ಮುಚ್ಚುವ ಕೆಲಸ

ಕಿರ್ಗಿಜ್‌ಸ್ತಾನದ ಚುಯ್ ಕಣಿವೆಯಲ್ಲಿ ಮೂರು ಬೇಸಿಗೆ ನಾನು ಹಳೆಯ ಮಣ್ಣಿನ ಗೋಡೆಗಳ ಸಂರಕ್ಷಣೆ ಮಾಡಿದೆ. ರೇಷ್ಮೆ ಹಾದಿಯ ನಗರ ಸುಯಾಬ್ ಇದ್ದದ್ದು ಇದೇ ಕಣಿವೆಯಲ್ಲಿ, ಈಗಿನ ಅಕ್-ಬೆಶಿಮ್‌ನಲ್ಲಿ. ಅಲ್ಲಿ 1950ರ ದಶಕದಲ್ಲಿ ಅಗೆದಾಗ ಬೌದ್ಧ ದೇಗುಲವೂ ಸಿಕ್ಕಿತು, ಚರ್ಚೂ ಸಿಕ್ಕಿತು. ಎರಡಕ್ಕೂ ಅದೇ ಕಣಿವೆಯ ಮಣ್ಣು. 630ರ ಸುಮಾರಿಗೆ ಹ್ಯೂಯೆನ್ ತ್ಸಾಂಗ್ ತುರ್ಕರ ದೊರೆ ಖಾಗಾನನನ್ನು ಕಂಡ ಜಾಗವಿದು. ಮುಂದೆ ನಮ್ಮ ಇಮ್ಮಡಿ ಪುಲಕೇಶಿಯ ನಾಡನ್ನು ಬಣ್ಣಿಸಿದ್ದೂ ಅದೇ ಯಾತ್ರಿಕ. ಅದು ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು.

ಮಣ್ಣಿನ ಗೋಡೆ ಹಾಳಾಗುವುದು ಹೆಚ್ಚಾಗಿ ಬುಡದಿಂದ. ನೆಲದ ತೇವ ಮೇಲೇರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ ಮಣ್ಣನ್ನು ಒಳಗಿಂದಲೇ ಸಡಿಲಿಸುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರಿನ ಕಾಟ ಬೇರೆ. ಬುಡ ಸವೆದು ಒಳಸರಿದ ಮೇಲೆ ಒಂದು ಜೋರು ಮಳೆ ಸಾಕು. ಹಿಂದೆ ಯಾರೋ ಒಂದು ಗೋಡೆಗೆ ಸಿಮೆಂಟ್ ಮೆತ್ತಿದ್ದರು. ತೇವಕ್ಕೆ ಹೊರದಾರಿ ಸಿಗದೆ, ಸಿಮೆಂಟ್ ಕಿತ್ತಾಗ ಹಿಂದಿನ ಸುಡದ ಮಣ್ಣಿಟ್ಟಿಗೆ ಹಿಟ್ಟಿನಂತೆ ಉದುರಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾವು ಅಲ್ಲಿಯ ಮಣ್ಣನ್ನೇ ಬಳಸಿದೆವು. ಗಾಜಿನ ಬಾಟಲಿಯಲ್ಲಿ ಮಣ್ಣಿಗೆ ನೀರು ಹಾಕಿ ಕುಲುಕಿ ಇಟ್ಟರೆ ಮರಳು, ಹೂಳು, ಜೇಡಿ ಪದರ ಪದರವಾಗಿ ಕೂರುತ್ತವೆ. ಜೇಡಿ ಹೆಚ್ಚಾದ ಮಣ್ಣಿನ ಇಟ್ಟಿಗೆ ಒಣಗುವಾಗ ಬಿರಿಯಿತು. ಮರಳು, ಹುಲ್ಲು ಸೇರಿಸಿ, ಕೆಲವು ದಿನ ಕೊಳೆಯಲು ಬಿಟ್ಟು, ತುಳಿದು ಮತ್ತೆ ಇಟ್ಟಿಗೆ ಮಾಡಿದೆವು. ಅದರಿಂದ ಹಳೆಯ ಗೋಡೆಗೆ ಒಂದು ಹೊರಪದರ ಕಟ್ಟಿದೆವು. ಸವೆಯುವುದಿದ್ದರೆ ಅದು ಸವೆಯಲಿ ಎಂದು.

ತೀರಾ ದುರ್ಬಲವಾದ ಭಾಗಗಳ ಮೇಲೆ ನೀರು ಹಾಯಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹೊದಿಸಿ, ಜರಡಿ ಹಿಡಿದ ಮಣ್ಣು ತುಂಬಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಟ್ಟೆವು. ಹಳ್ಳಿಯ ಹಿರಿಯರೊಬ್ಬರು, ಅಲ್ಲಿಯವರ ಮಾತಿನಲ್ಲಿ ಅಕ್ಸಕಾಲ್, ದಿನವೂ ಬಂದು ನೋಡುತ್ತಿದ್ದರು. "ತೆಗೆದದ್ದನ್ನು ಮತ್ತೆ ಹೂಳ್ತೀಯಲ್ಲ ಮಗಳೇ, ನಮ್ಮ ಮಕ್ಕಳು ಏನನ್ನ ನೋಡಬೇಕು?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. 2014ರಲ್ಲಿ ಚೀನಾ, ಕಜಕಸ್ತಾನ, ಕಿರ್ಗಿಜ್‌ಸ್ತಾನಗಳ ರೇಷ್ಮೆ ಹಾದಿಯ 33 ತಾಣಗಳು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿ ಸೇರಿದರೂ, ಅವನ್ನು ದಿನವೂ ಕಾಯುವವರು ಇಂಥವರೇ. ಅದಕ್ಕೇ ಹೂತ ಗೋಡೆಗಳ ನೇರಕ್ಕೆ, ಮೇಲೆ ಹೊಸ ಇಟ್ಟಿಗೆಯಲ್ಲಿ ಮೊಣಕಾಲೆತ್ತರದ ಗುರುತು ಕಟ್ಟಿದೆವು. ಬಾಗಿಲಿದ್ದ ಕಡೆ ತೆರವು ಬಿಟ್ಟೆವು.

ಮರುವರ್ಷ ಹೋದಾಗ ಹೊರಪದರ ಎರಡು ಬೆರಳಷ್ಟು ಸವೆದಿತ್ತು. ಒಳಗೋಡೆ ಹಾಗೇ ಇತ್ತು. ಮತ್ತೆ ಮಣ್ಣು ಕಲಸಿದೆವು.