ಸೈನಸ್ ಜಾಸ್ತಿಯಾಯಿತಾ? ಕ್ಯಾಲೆಂಡರ್ ನೋಡಿ, ಕಣ್ಣು ನೋಡಿ

ನೆಗಡಿ ಬಂದು ನಾಲ್ಕು ದಿನಕ್ಕೆ ಸಿಂಬಳ ಹಸಿರಾದರೆ ಸಾಕು, ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯಾಟಿಕ್ ಕೇಳುವವರಿದ್ದಾರೆ. ಮಾಮೂಲಿ ವೈರಸ್ ನೆಗಡಿಯಲ್ಲೂ ಸಿಂಬಳ ಹಳದಿಯಾಗುತ್ತದೆ, ಹಸಿರೂ ಆಗುತ್ತದೆ. ಆ ಬಣ್ಣ ನಂಬಿಕೊಂಡು ಏನನ್ನೂ ತೀರ್ಮಾನಿಸಬೇಡಿ.

ಮೊದಲು ದಿನ ಎಣಿಸಿ. ಮೂಗು ಕಟ್ಟಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ, ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ. ನೆಗಡಿ ಸಾಮಾನ್ಯವಾಗಿ 7ರಿಂದ 10 ದಿನದೊಳಗೆ ಇಳಿಯುತ್ತದೆ. 10 ದಿನ ಕಳೆದರೂ ಒಂಚೂರೂ ಕಮ್ಮಿಯಾಗಿಲ್ಲ, ಅಥವಾ ಐದಾರು ದಿನಕ್ಕೆ ವಾಸಿಯಾದ ಹಾಗೆ ಆಗಿ ಮತ್ತೆ ಜ್ವರ, ತಲೆನೋವು, ಗಟ್ಟಿ ಸಿಂಬಳ ಶುರುವಾಯಿತು ಅಂದರೆ ಸೈನಸ್‌ಗೆ, ಅಂದರೆ ಮೂಗಿನ ಸುತ್ತಲ ಮೂಳೆಯೊಳಗಿನ ಗಾಳಿ ಗೂಡುಗಳಿಗೆ, ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಶುರುವಿನಲ್ಲೇ 102 ಡಿಗ್ರಿ ಜ್ವರ, ಕೀವಿನಂಥ ಸಿಂಬಳ, ಮುಖನೋವು ಮೂರು ದಿನ ಬಿಡದೆ ಕಾಡಿದರೆ 10 ದಿನ ಕಾಯಲೇಬೇಡಿ. ಇದಕ್ಕೆಲ್ಲ ಡಾಕ್ಟರನ್ನು ನೋಡಬೇಕು, ಆದರೆ ರಾತ್ರೋರಾತ್ರಿ ಓಡಬೇಕಿಲ್ಲ.

ಓಡಬೇಕಾದದ್ದು ಕಣ್ಣಿಗೆ ಬಂದಾಗ. ಮೂಗಿನ ಪಕ್ಕದ ಸೈನಸ್‌ಗೂ ಕಣ್ಣಿನ ಗೂಡಿಗೂ ನಡುವಿನ ಮೂಳೆ ಕಾಗದದಷ್ಟು ತೆಳು, ಸೋಂಕು ಅದನ್ನು ದಾಟಿಬಿಡುತ್ತದೆ, ಅದರಲ್ಲೂ ಮಕ್ಕಳಲ್ಲಿ. ಒಳ್ಳೆ ಬೆಳಕಿನಲ್ಲಿ ಕೂರಿಸಿ ಎರಡೂ ಕಣ್ಣು ಹೋಲಿಸಿ ನೋಡಿ. ರೆಪ್ಪೆ ಊದಿ ಕೆಂಪಾಗಿದೆಯಾ? ಒಂದು ಕಣ್ಣು ಮುಂದಕ್ಕೆ ತಳ್ಳಿದ ಹಾಗಿದೆಯಾ? ತಲೆ ಅಲ್ಲಾಡಿಸದೆ ನಿಮ್ಮ ಬೆರಳು ಹೋದ ಕಡೆಯೆಲ್ಲ ಕಣ್ಣು ತಿರುಗಿಸಲು ಹೇಳಿ. ನೋವಾಗುತ್ತಾ, ಬೆರಳು ಎರಡೆರಡು ಕಾಣುತ್ತಾ ಕೇಳಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ ಅದೇ ಕ್ಯಾಲೆಂಡರಿನ ಅಂಕಿ ಓದಿಸಿ. ಇದರಲ್ಲಿ ಒಂದು ಸರಿಯಿಲ್ಲದಿದ್ದರೂ ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ. ನೆಗಡಿ, ಜ್ವರ ಇರುವ ಮಗುವಿನ ಕಣ್ಣು ಊದಿದಾಗ 'ಕಣ್ಣು ಬಂದಿದೆ' ಅಂದುಕೊಂಡು ಡ್ರಾಪ್ಸ್ ಹಾಕಿ ಮಲಗಿಸಿಬಿಡುತ್ತಾರೆ, ನನಗೆ ದಿಗಿಲಾಗುವುದು ಅದಕ್ಕೇ.

ಹಣೆಯ ಮೇಲೆ ಮೆತ್ತನೆಯ ಊತ, ಮಾತ್ರೆಗೂ ಬಗ್ಗದ ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದ ಬಿಗಿತ, ಮಂಕು, ಸಂಬಂಧವಿಲ್ಲದ ಮಾತು, ಫಿಟ್ಸ್. ಇವು ಸೋಂಕು ಮಿದುಳಿನ ಕಡೆ ಹೋಗಿರುವ ಸೂಚನೆ. ಇಲ್ಲೂ ಕಾಯುವ ಮಾತೇ ಇಲ್ಲ.

ಶುಗರ್ ಇರುವವರಿಗೆ ದಿನದ ಲೆಕ್ಕ ನಡೆಯುವುದಿಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಬ್ಲ್ಯಾಕ್ ಫಂಗಸ್ ಅಂತ ಕೇಳಿದ್ದೆವಲ್ಲ, ಅದು ಹೆಚ್ಚಾಗಿ ಹಿಡಿದದ್ದು ಶುಗರ್ ಹತೋಟಿ ತಪ್ಪಿದವರನ್ನು ಮತ್ತು ಸ್ಟೀರಾಯ್ಡ್ ತೆಗೆದುಕೊಂಡವರನ್ನು. ಅಲೆ ಹೋಯಿತು, ಆ ಕಾಯಿಲೆ ಹೋಗಿಲ್ಲ. ಒಂದು ಕಡೆ ಕೆನ್ನೆ ಜೋಮು ಹಿಡಿಯುವುದು, ಮೂಗಿನಲ್ಲಿ ಕಪ್ಪು ಹಕ್ಕಳೆ, ಅಂಗುಳದಲ್ಲಿ ಕಪ್ಪು ಕಲೆ, ಗಟ್ಟಿಯಿದ್ದ ಮೇಲಿನ ಹಲ್ಲು ಇದ್ದಕ್ಕಿದ್ದಂತೆ ಅಲುಗಾಡುವುದು, ಯಾವುದಾದರೂ ಒಂದು ಕಂಡರೂ ಅದೇ ದಿನ ಆಸ್ಪತ್ರೆ. ಟಾರ್ಚ್ ಹಿಡಿದು ಬಾಯಿ ತೆರೆಸಿ ನೋಡಲು ಒಂದು ನಿಮಿಷವೂ ಬೇಡ, ಅಲ್ವಾ?

ಒಂದೇ ಹೊಳ್ಳೆಯಲ್ಲಿ ಕೊಳೆತ ವಾಸನೆ ಬಂದರೆ ದೊಡ್ಡವರಲ್ಲಿ ಮೇಲಿನ ಹುಳುಕು ಹಲ್ಲನ್ನೂ ಅನುಮಾನಿಸಿ, ಪುಟ್ಟ ಮಕ್ಕಳಾದರೆ ಕಡಲೆಬೀಜವೋ ಮಣಿಯೋ ಒಳಗಿರಬಹುದು. ನೀವೇ ಕೆದಕಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ನೆಗಡಿ ಶುರುವಾದ ತಾರೀಖು, ಶುಗರ್ ರಿಪೋರ್ಟ್, ಈಗಾಗಲೇ ನುಂಗಿದ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ, ಖಾಲಿಯಾಗಿದ್ದರೂ ಪರವಾಗಿಲ್ಲ.