ಮಲಪ್ರಭೆಯ ದಂಡೆಯಲ್ಲಿ ದಿನಕ್ಕೆ 35 ಕಿಲೋಮೀಟರ್

ಮೊದಲ ಸಲ ಈ ದಾರಿಯನ್ನು ನಾನೇ ಕೆಡಿಸಿಕೊಂಡೆ. ಅದು 2019ರ ಅಕ್ಟೋಬರ್. ಬಾದಾಮಿಯಿಂದ ಬೆಳಗ್ಗೆ ಸೈಕಲ್ ಹತ್ತಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಮುಗಿಸಿ, ಕತ್ತಲಾಗುವುದರೊಳಗೆ ಕೂಡಲಸಂಗಮ ಮುಟ್ಟುವ ಲೆಕ್ಕ ಹಾಕಿದ್ದೆ. ಎಲ್ಲ ಸೇರಿದರೂ 80 ಕಿಲೋಮೀಟರ್ ಆಸುಪಾಸು. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗಿ ಬರುವುದಕ್ಕಿಂತ ಕಮ್ಮಿ, ಏರು ಬೇರೆ ಇಲ್ಲ. ಏನ್ ಮಹಾ ಅಂದುಕೊಂಡಿದ್ದೆ.

ಹಿಂದಿನ ರಾತ್ರಿ ಮಳೆಯಾಗಿತ್ತು. ಒಳದಾರಿ ಚೆನ್ನಾಗಿರುತ್ತದೆ ಅಂತ ಹೊಲದ ಬದಿಗೆ ಇಳಿಸಿದೆ. ಎರೆ ಮಣ್ಣು ಒದ್ದೆಯಾದರೆ ಏನಾಗುತ್ತದೆ ಅಂತ ಗೊತ್ತಿದ್ದವರು ಯಾರೂ ಆ ಕೆಲಸ ಮಾಡುವುದಿಲ್ಲ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಟೈರು, ಮಡ್‌ಗಾರ್ಡು, ಬ್ರೇಕು ಎಲ್ಲ ಒಂದೇ ಮುದ್ದೆಯಾದವು. ಚಕ್ರ ತಿರುಗಲಿಲ್ಲ. ಸೈಕಲ್ ಹೆಗಲ ಮೇಲೆ ಹೊತ್ತುಕೊಂಡು ಡಾಂಬರಿಗೆ ಬಂದು, ಕಡ್ಡಿಯಿಂದ ಒಂದು ಗಂಟೆ ಮಣ್ಣು ಕೆರೆದೆ. ಆಮೇಲೆ ಜಾಲಿ ಮುಳ್ಳು. ನಾಲ್ಕು ಪಂಕ್ಚರ್. ಪಟ್ಟದಕಲ್ಲಿನಲ್ಲಿ ನಿಂತಿದ್ದು ಇಪ್ಪತ್ತೇ ನಿಮಿಷ, ಐಹೊಳೆಯಲ್ಲಿ ಅದೂ ಇಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಹೊಳೆ ಬದಿಯ ಜಾಲಿ ಗಿಡಗಳಲ್ಲಿ, ನನ್ನ ತಲೆಗಿಂತ ಮೇಲೆ, ಹರಿದ ಸೀರೆ, ಪ್ಲಾಸ್ಟಿಕ್ ಚೀಲ ಇನ್ನೂ ನೇತಾಡುತ್ತಿದ್ದವು. ನೋಡಿದೆ, ಆದರೆ ನಿಲ್ಲಲಿಲ್ಲ. ಲೇಟಾಗುತ್ತಿತ್ತು.

ಮತ್ತೆ ಹೋಗಿದ್ದು 2024ರ ಜನವರಿಯಲ್ಲಿ. ಈ ಸಲ ಒಂದೇ ನಿಯಮ: ದಿನಕ್ಕೆ 35 ಕಿಲೋಮೀಟರ್, ಹೆಚ್ಚೆಂದರೆ 40. ಅದೇ ದಾರಿಗೆ ನಾಲ್ಕು ದಿನ. ಸೈಕಲ್ ಬಳಗದ ಗೆಳೆಯರು ನಕ್ಕರು. ನಗಲಿ ಬಿಡಿ.

ಸೈಕಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನನ್ನದು ಸಾಧಾರಣ ಹೈಬ್ರಿಡ್, 35 ಮಿಲಿಮೀಟರ್ ಟೈರು, ಒಳಗೆ ಮುಳ್ಳು ತಡೆಯುವ ಪಟ್ಟಿ. ಹಿಂದಿನ ಕ್ಯಾರಿಯರ್‌ಗೆ ಎರಡು ಚೀಲ, ಒಟ್ಟು 9 ಕಿಲೋ. ಮೂರು ಲೀಟರ್ ನೀರು. ಬೆಂಗಳೂರಿನಿಂದ ಬಾದಾಮಿಗೆ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ, ಮುಂದಿನ ಚಕ್ರ ಬಿಚ್ಚಿ, ಹಳೇ ಹೊದಿಕೆ ಸುತ್ತಿ ಮಲಗಿಸಿದೆ. ಗೇರಿನ ಕಡೆ ಮೇಲೆ ಬರುವ ಹಾಗೆ ಮಲಗಿಸಬೇಕು, ಇದನ್ನು ಮಾತ್ರ ಮರೆಯಬೇಡಿ.

ಪಂಕ್ಚರ್ ಬಗ್ಗೆ ಒಂದು ಮಾತು. ಮೊದಲ ಸಲ ನಾಲ್ಕು ಆಗಿದ್ದವಲ್ಲ, ಅದರಲ್ಲಿ ಎರಡು ಒಂದೇ ಮುಳ್ಳಿನದ್ದು. ಟ್ಯೂಬಿಗೆ ಪ್ಯಾಚ್ ಹಾಕಿದ್ದೆ, ಟೈರಿನಲ್ಲಿ ಮುರಿದುಕೊಂಡಿದ್ದ ತುದಿಯನ್ನು ತೆಗೆದಿರಲಿಲ್ಲ. ಬೆರಳಾಡಿಸಿದರೆ ಸಿಗುವುದಿಲ್ಲ, ಸಿಕ್ಕರೆ ಬೆರಳಿಗೇ ಚುಚ್ಚುತ್ತದೆ. ಹತ್ತಿಯ ಉಂಡೆ ಮಾಡಿ ಟೈರಿನ ಒಳಮೈಗೆ ಸುತ್ತಲೂ ಸವರಬೇಕು. ಮುಳ್ಳಿರುವ ಕಡೆ ಒಂದು ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಹತ್ತಿ ಎಲ್ಲಿಂದ ತರುವುದು ಅಂತೀರಾ? ಈ ಸೀಮೆಯಲ್ಲಿ ರಸ್ತೆ ಬದಿಯ ಗಿಡದಲ್ಲೇ ಇರುತ್ತದೆ.

ಇನ್ನು ಗಾಳಿ. ಚಳಿಗಾಲದಲ್ಲಿ ಇಲ್ಲಿ ಮೂಡಗಾಳಿ. ಬಾದಾಮಿಯಿಂದ ಸಂಗಮದ ಕಡೆ ಹೋಗುವವರಿಗೆ ಅದು ಎದುರುಗಾಳಿ. ಬೆಳಗ್ಗೆ ಆರಕ್ಕೆ ಎಲೆ ಅಲ್ಲಾಡುವುದಿಲ್ಲ. ಹತ್ತೂವರೆಯ ಹೊತ್ತಿಗೆ ಯಾರೋ ಎದೆಗೆ ಕೈ ಇಟ್ಟು ತಳ್ಳುತ್ತಿದ್ದಾರೆ ಅನ್ನಿಸುತ್ತದೆ. ಅದಕ್ಕೇ ನಾನು ಆರಕ್ಕೆ ಹೊರಟು ಹತ್ತಕ್ಕೆ ನಿಲ್ಲಿಸುತ್ತಿದ್ದೆ. ಮಿಕ್ಕಿದ್ದೇನಾದರೂ ಇದ್ದರೆ ಸಂಜೆ ನಾಲ್ಕರ ಮೇಲೆ. ನಡುವಿನ ಹೊತ್ತು ಗುಡಿಗಳಿಗೆ. ಕಲ್ಲಿನ ಗುಡಿಯೊಳಗೆ ಮಧ್ಯಾಹ್ನವೂ ತಂಪು.

ಮೊದಲ ದಿನ ಬನಶಂಕರಿ, ಅಲ್ಲಿಂದ ಶಿವಯೋಗಮಂದಿರ, ವಾಪಸ್ ಬಾದಾಮಿ. ಬನಶಂಕರಿ ಬಾದಾಮಿಯಿಂದ 5 ಕಿಲೋಮೀಟರ್. ಜಾತ್ರೆಗೆ ಇನ್ನೂ ಎರಡು ವಾರವಿತ್ತು, ನಾಟಕ ಕಂಪನಿಗಳ ತಗಡಿನ ಶೆಡ್‌ಗಳು ಏಳುತ್ತಿದ್ದವು. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಟ್ಟ ಗಡಿಗೆಯ ಮೊಸರು. ಬೆಳಗಿನ ಎಂಟಕ್ಕೆ ಇದಕ್ಕಿಂತ ಒಳ್ಳೆಯ ತಿಂಡಿ ಸೈಕಲ್ಲಿನವನಿಗೆ ಸಿಗುವುದಿಲ್ಲ. ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಸಿಕೊಂಡೆ. ಖಡಕ್ ರೊಟ್ಟಿ ಚೀಲದಲ್ಲಿ ಪುಡಿಯಾಗಬಹುದು, ಹಳಸುವುದಿಲ್ಲ.

ಶಿವಯೋಗಮಂದಿರ ಹೊಳೆಯ ದಂಡೆಯಲ್ಲೇ ಇದೆ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಕಟ್ಟಿದ ಸಂಸ್ಥೆ. ಮಲಪ್ರಭೆಯನ್ನು ಹತ್ತಿರದಿಂದ ನೋಡಿದ್ದು ಅಲ್ಲೇ. ಖಾನಾಪುರದ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಹೊಳೆ ಇದು. ಸವದತ್ತಿ ಕಡೆಯ ನವಿಲುತೀರ್ಥದ ಆಣೆಕಟ್ಟು ದಾಟಿ ಇಲ್ಲಿಗೆ ಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಹೊಳೆ ಅಂದರೆ ಅಲ್ಲೊಂದು ಮಡು, ಇಲ್ಲೊಂದು ಮಡು, ನಡುವೆ ಬಂಡೆ. ತಲೆಯ ಮೇಲೆ ಸೀರೆ ತೂಗಿಸಿದ್ದು ಇದೇ ಹೊಳೆಯಾ ಅಂತ ನಂಬಲಾಗಲಿಲ್ಲ.

ಅವತ್ತು ಎಳ್ಳ ಅಮಾವಾಸ್ಯೆ. ನನಗೆ ಗೊತ್ತೇ ಇರಲಿಲ್ಲ, ನಾನು ಮೈಸೂರು ಕಡೆಯವನು. ದಾರಿಯಲ್ಲಿ ಎತ್ತಿನ ಬಂಡಿ, ಟ್ರ್ಯಾಕ್ಟರ್ ತುಂಬ ಹೊಸ ಸೀರೆ ಉಟ್ಟವರು ಹೊಲಕ್ಕೆ ಹೋಗುತ್ತಿದ್ದರು. ಒಂದು ಬನ್ನಿ ಗಿಡದ ಕೆಳಗೆ ನೀರು ಕುಡಿಯಲು ನಿಂತೆ. ಪಕ್ಕದ ಹೊಲದಿಂದ ಕೂಗು ಬಂತು. "ಹಂಗ್ಯಾಕ್ ನಿಂತೀರಿ, ಬರ್ರಿ, ಊಟ ಮಾಡ್ರಿ." ಯಜಮಾನರು ಪೈರಿನ ನಡುವೆ ನಡೆಯುತ್ತಾ ಚರಗ ಚೆಲ್ಲುತ್ತಿದ್ದರು, ಅಂದರೆ ಮನೆಯಿಂದ ತಂದ ಅಡುಗೆಯನ್ನು ಹೊಲಕ್ಕೇ ಬಡಿಸುವುದು. ಜೋಳ ಮೊಣಕಾಲುದ್ದ ಬಂದು ಒಣಗಿ ನಿಂತಿತ್ತು. ಆದರೂ ಹೊಲಕ್ಕೆ ಊಟ ತಪ್ಪಿಸಿರಲಿಲ್ಲ. ನನ್ನ ಎಲೆಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಎರಡನೇ ಹೋಳಿಗೆ ಬೇಡ ಅಂದಿದ್ದಕ್ಕೆ, "ಸೈಕಲ್ ತುಳೀಬೇಕಲ್ಲ?" ಅಂತ ಮೂರನೆಯದನ್ನೂ ಹಾಕಿದರು. ಆ ದಿನದ ಲೆಕ್ಕ 30 ಕಿಲೋಮೀಟರ್. ಮುಗಿಸುವಷ್ಟರಲ್ಲಿ ಸಂಜೆ.

ಬಾದಾಮಿಗೆ ವಾಪಸಾದವನು ಅಗಸ್ತ್ಯತೀರ್ಥದ ದಂಡೆಯಲ್ಲಿ ಭೂತನಾಥನ ಗುಡಿ ತನಕ ನಡೆದೆ. ಹಾಗೆಯೇ ಕಪ್ಪೆ ಅರಭಟ್ಟನ ಶಾಸನದ ಬಂಡೆಯನ್ನೂ ನೋಡಿ ಬಂದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಅದರಲ್ಲಿದೆ. ಸೈಕಲ್ಲನ್ನು ಲಾಡ್ಜಿನ ಒಳಗೇ ಇಟ್ಟಿದ್ದೆ. ಕಳ್ಳರ ಭಯಕ್ಕಲ್ಲ, ಕೋತಿಗಳಿಗೆ. ಬಾದಾಮಿಯ ಕೋತಿಗಳಿಗೆ ಚೀಲದ ಜಿಪ್ ತೆಗೆಯಲು ಬರುತ್ತದೆ.

ಎರಡನೇ ದಿನ ಮಹಾಕೂಟ. ಗುಡ್ಡದ ನಡುವಿನ ಊಟೆಯ ನೀರು ತುಂಬುವ ಪುಷ್ಕರಣಿ, ಸುತ್ತ ಹಳೇ ಗುಡಿಗಳು, ದೊಡ್ಡ ಮರಗಳು. ಅಲ್ಲಿ ಅರ್ಧ ಗಂಟೆ ಕಾಲು ನೀರಲ್ಲಿ ಇಳಿಬಿಟ್ಟು ಕೂತೆ. ಅಲ್ಲಿಂದ ಪಟ್ಟದಕಲ್ಲಿಗೆ ಹೋಗುವ ದಾರಿಯಲ್ಲಿ ಎಡಬಲ ಎಲ್ಲ ಕೆಂಪು ಮರಳುಗಲ್ಲಿನ ಗುಡ್ಡ. ಕಾರಿನಲ್ಲಿ ಬಂದಾಗ ಇವು ಮೂರು ಬೇರೆ ಬೇರೆ ಜಾಗ, ಮೂರು ಪಾರ್ಕಿಂಗ್. ಸೈಕಲ್ಲಿನಲ್ಲಿ ಅದೇ ಕಲ್ಲು ಬಿಟ್ಟೂಬಿಡದೆ ಜೊತೆಗೆ ಬರುತ್ತದೆ. ಗುಡ್ಡದಲ್ಲಿ ಅದೇ ಕಲ್ಲು, ಹೊಲದ ಬದುವಿನಲ್ಲಿ, ದನದ ಕೊಟ್ಟಿಗೆಯ ಗೋಡೆಯಲ್ಲಿ, ಆಮೇಲೆ ಗುಡಿಯಲ್ಲಿ.

ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ತಿರುಗುತ್ತದೆ. ಚಾಲುಕ್ಯರ ಪಟ್ಟಾಭಿಷೇಕ ನಡೆಯುತ್ತಿದ್ದ ಜಾಗ, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ. ಇಲ್ಲಿ ಪೂಜೆ ಇನ್ನೂ ನಡೆಯುತ್ತದೆ. ಕಟ್ಟಿದ ಶಿಲ್ಪಿಯ ಹೆಸರೂ ಶಾಸನದಲ್ಲಿದೆ: ಗುಂಡ. ದೊಡ್ಡ ದೊಡ್ಡ ಬಿರುದುಗಳ ನಡುವೆ ನಮ್ಮ ಪಕ್ಕದ ಮನೆಯವನಂಥ ಈ ಹೆಸರು ಕಂಡು ಖುಷಿಯಾಯಿತು. ನಾಲ್ಕು ಗಂಟೆ ತನಕ ಅಲ್ಲೇ ಇದ್ದೆ. ಕಂಬಗಳ ನಡುವೆ ಬೆನ್ನು ಚಾಚಿ ಒಂದು ನಿದ್ದೆಯನ್ನೂ ಮಾಡಿದೆ.

ಐಹೊಳೆಗೆ ಉಳಿದದ್ದು ಹತ್ತು ಹದಿಮೂರು ಕಿಲೋಮೀಟರ್. ಕೆಟ್ಟಿದ್ದು ಇಲ್ಲೇ. ಒಂದು ಊರಿನ ಮುಂದೆ ರಸ್ತೆಯ ಅರ್ಧಕ್ಕೆ ಹುರುಳಿ ಹರವಿದ್ದರು. ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ, ರೈತರಿಗೆ ಅನುಕೂಲ. ಎದುರಿಗೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್, ಹಾಡು ಕಿವಿ ಕಿತ್ತುಹೋಗುವಷ್ಟು. ಜಾಗ ಬಿಡಲು ಹುರುಳಿಯ ಮೇಲೇ ಹತ್ತಿಸಿದೆ. ಹುರುಳಿ ಬಳ್ಳಿ ಸಣ್ಣದು, ಉದ್ದ, ಹಗ್ಗದಷ್ಟು ಗಟ್ಟಿ. ಒಂದೆಳೆ ಚೈನಿಗೆ ಸಿಕ್ಕಿತು. ನಾನು ಇನ್ನೆರಡು ಸುತ್ತು ತುಳಿದೆ, ಅದೇ ತಪ್ಪು. ಗೇರು ಬದಲಿಸುವಾಗ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಭಾಗಕ್ಕೆ ಡಿರೇಲರ್ ಅನ್ನುತ್ತಾರೆ. ಬಳ್ಳಿ ಆ ಡಿರೇಲರಿನ ಪುಟ್ಟ ಚಕ್ರಕ್ಕೆ ಸುತ್ತಿಕೊಂಡು ಅದನ್ನು ಎಳೆದು ಕಡ್ಡಿಗಳ ಕಡೆ ತಿರುಗಿಸಿತು. ಟಕ್ ಅಂತ ನಿಂತಿತು. ಹುರುಳಿ ಕಾಯುತ್ತಿದ್ದ ಅಜ್ಜಿ ಕುಡುಗೋಲು ಹಿಡಿದು ಎದ್ದು ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಳು ಕೂಡ. ಬೈಯುತ್ತಲೇ ಕೂತು, ಕುಡುಗೋಲಿನ ತುದಿಯಿಂದ ಬಳ್ಳಿಯನ್ನು ಒಂದೊಂದೇ ಎಳೆ ಕೊಯ್ದು ತೆಗೆದಳು. ಉದುರಿದ ಕಾಯಿಗಳನ್ನು ಆರಿಸಿ ರಾಶಿಗೆ ಹಾಕಿದಳು.

ಡಿರೇಲರ್ ಮುರಿದಿರಲಿಲ್ಲ. ಅದು ನೇತಾಡುವ ಹ್ಯಾಂಗರ್ ಒಳಗೆ ಬಾಗಿತ್ತು. ಬಾಗಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ, ಫ್ರೇಮು ಉಳಿಯಲಿ ಅಂತ. ಒಂದು ಹೆಚ್ಚಿನ ಹ್ಯಾಂಗರ್ ಚೀಲದಲ್ಲಿ ಇರಬೇಕು. ನನ್ನದು ಬೆಂಗಳೂರಿನ ಮನೆಯ ಡ್ರಾಯರಿನಲ್ಲಿ ಭದ್ರವಾಗಿತ್ತು.

ಸೈಕಲ್ ತಳ್ಳಿಕೊಂಡು ಮುಂದಿನ ಊರು ತಲುಪಿದೆ. ಪಂಕ್ಚರ್ ಅಂಗಡಿಯ ಹುಡುಗ ಇಂಥ ಗೇರು ನೋಡೇ ಇಲ್ಲ ಅಂದ. ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಬಂಡಿಯ ಗಾಲಿ ನೋಡುವ ಹಾಗೆ ನೋಡಿದ. ಚೈನು ಯಾವ ಹಲ್ಲಿನ ಮೇಲಿದೆಯೋ ಆ ಹಲ್ಲಿಗೂ ಕೆಳಗಿನ ಎರಡು ಪುಟ್ಟ ಚಕ್ರಗಳಿಗೂ ಒಂದೇ ಗೆರೆ ಬರಬೇಕು, ಅಷ್ಟು ಅವನಿಗೆ ಹೇಳದೆಯೇ ಗೊತ್ತಾಯಿತು. ನನ್ನ 5 ಮಿಲಿಮೀಟರ್ ಅಲೆನ್ ಕೀಯನ್ನು ಡಿರೇಲರಿನ ಬೋಲ್ಟಿಗೆ ಹಾಕಿ, ಇನ್ನೊಂದು ಕೈಯಿಂದ ಡಿರೇಲರ್ ಹಿಡಿದು, ನಿಧಾನಕ್ಕೆ ಹೊರಕ್ಕೆ ಒತ್ತಿದ. ಎದ್ದು ನೋಡಿದ. ಮತ್ತೆ ಒತ್ತಿದ. ಆತುರಪಟ್ಟರೆ ಲಟಕ್ ಅಂತ ಮುರಿಯುತ್ತದೆ, ನನ್ನ ಜೀವ ಕೈಗೆ ಬಂದಿತ್ತು. ಐದಾರು ಸಲ ಹೀಗಾದ ಮೇಲೆ ಗೆರೆ ಕೂತಿತು. ಕೊನೆಯ ಎರಡು ದೊಡ್ಡ ಹಲ್ಲು ಬಳಸಬೇಡಿ ಅಂದ. ದುಡ್ಡು ಬೇಡ ಅಂದವನಿಗೆ ಬಲವಂತ ಮಾಡಿದ್ದಕ್ಕೆ, ನೂರು ರೂಪಾಯಿ ತಗೊಂಡು ಹಳೇ ಟ್ಯೂಬಿನ ಎರಡು ಉದ್ದ ಪಟ್ಟಿ ಕತ್ತರಿಸಿ ಕೊಟ್ಟ. "ಇಟ್ಕೊಳ್ರಿ, ಎಲ್ಲ್ಯರ ಬೇಕಾಗ್ತೈತಿ."

ಮೂರನೇ ದಿನ ಸೈಕಲ್ ಮುಟ್ಟಲಿಲ್ಲ. ಐಹೊಳೆಯಲ್ಲಿ ನೂರಕ್ಕೂ ಮೇಲೆ ಗುಡಿಗಳಿವೆ, ಊರ ಮನೆಗಳ ನಡುವೆಯೇ. ಲಾಡ್ ಖಾನ್ ಗುಡಿ ಅನ್ನುವ ಹೆಸರು ಬಂದಿದ್ದು ಒಂದು ಕಾಲದಲ್ಲಿ ಅದರಲ್ಲಿ ವಾಸವಿದ್ದವನಿಂದ. ದುರ್ಗದ ಗುಡಿಗೆ ದುರ್ಗಾ ದೇವಿ ಸಂಬಂಧವಿಲ್ಲ, ಅಲ್ಲಿ ಕೋಟೆ ಇತ್ತು, ದುರ್ಗ ಅಂದರೆ ಕೋಟೆ. ಬೆಳಗ್ಗೆ ಮೇಗುತಿ ಗುಡ್ಡ ಹತ್ತಿ ಇಮ್ಮಡಿ ಪುಲಕೇಶಿಯ ಕಾಲದ, 634ರ ಶಾಸನ ನೋಡಿದೆ. ಅದನ್ನು ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಮ ಅಂತ ಕರೆದುಕೊಂಡಿದ್ದಾನೆ. ಸಂಕೋಚ ಅನ್ನುವುದು ಆಗಲೂ ಕವಿಗಳಿಗೆ ಕಮ್ಮಿಯೇ. ಮೇಲಿಂದ ನೋಡಿದರೆ ಹಿಂದಿನ ದಿನ ಬಂದ ದಾರಿಯ ಕೊನೆಯ ತುಂಡು ಕಾಣುತ್ತಿತ್ತು. ಉಳಿಯುವ ಜಾಗ ಐಹೊಳೆಯಲ್ಲಿ ಕಮ್ಮಿ, ಮೊದಲೇ ಫೋನ್ ಮಾಡಿಕೊಂಡು ಹೋಗಿ.

ನಾಲ್ಕನೇ ದಿನ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡೆ. ಅಂಟು, ಒಣಹಣ್ಣು, ಬೆಲ್ಲ. ಸೈಕಲ್ಲಿನವರಿಗೆಂದು ಮಾರುವ ದುಬಾರಿ ಎನರ್ಜಿ ಬಾರ್‌ಗಳಿಗಿಂತ ಸಾವಿರ ಪಾಲು ಮೇಲು. ಅಲ್ಲಿಂದ ಎದುರುಗಾಳಿ ಹಲ್ಲು ಕಚ್ಚಿ ತುಳಿಯಬೇಕಾಯಿತು, ಬೇರೆ ಹೇಳುವಂಥದ್ದೇನಿಲ್ಲ. ಹತ್ತೂಕಾಲಿಗೆ ಕೂಡಲಸಂಗಮ. ಬಸವಣ್ಣನವರ ಐಕ್ಯಮಂಟಪ ಬಾವಿಯಂಥ ದುಂಡನೆ ಗೋಡೆಯ ಒಳಗಿದೆ, ಮೆಟ್ಟಿಲಿಳಿದು ಹೋಗಬೇಕು. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿಯತನಕ ಬರುತ್ತದೆ, ಅದಕ್ಕೇ ಆ ಗೋಡೆ. ಮೇಲೆ ಬಂದು ನಿಂತರೆ ಮಲಪ್ರಭೆ ಕೃಷ್ಣೆಗೆ ಸೇರುವುದು ಕಾಣುತ್ತದೆ. ಶಿವಯೋಗಮಂದಿರದ ಹತ್ತಿರ ಬರೀ ಮಡುವಾಗಿದ್ದದ್ದು ಇಲ್ಲಿ ಅಗಲಕ್ಕೆ ಹರಡಿಕೊಂಡಿತ್ತು.

ದಾಸೋಹದಲ್ಲಿ ಊಟ ಮಾಡಿ ಹೊರಬಂದಾಗ ಹುನಗುಂದಕ್ಕೆ ಹೊರಟಿದ್ದ ಟಂಟಂ ಸಿಕ್ಕಿತು. ಒಳಗೆ ಆಗಲೇ ಒಂಬತ್ತು ಜನ. "ಸೈಕಲ್ ಮ್ಯಾಲ್ ಹಾಕೂಣು, ಆದ್ರ ಹಗ್ಗ ಇಲ್ಲ" ಅಂದ ಡ್ರೈವರ್. ಚೀಲದಿಂದ ಟ್ಯೂಬಿನ ಪಟ್ಟಿ ತೆಗೆದು ಕೊಟ್ಟೆ.